ಹಣ್ಣು ಬಿದಿರು, ಕಾಯಿ ಬಿದಿರು

ಟಕ್ಕಮ್ಮ ಯಾರಿಗೂ ಮೋಸ ಮಾಡಿದವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಹೊಳೆಯ ದಡದ ಆ ಬಿದಿರಿನ ಅಂಗಳಕ್ಕೆ ಹೊಸದಾಗಿ ಬಂದವರೆಲ್ಲ ಹೆಸರು ಕೇಳಿದೊಡನೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಟಕ್ಕು ಎಂದರೆ ವಂಚನೆ, ಟಕ್ಕ ಎಂದರೆ ವಂಚಕ. ಹಾಗಿದ್ದ ಮೇಲೆ ಟಕ್ಕಮ್ಮ ಎಂದರೆ ಇನ್ನೇನು? ಆದರೆ ಆ ಹೆಸರು ಬಂದದ್ದು ನಿಘಂಟಿನಿಂದಲ್ಲ, ಅವಳ ಬೆರಳಿನ ಗೆಣ್ಣಿನಿಂದ. ಬೆಳಗಿನಿಂದ ಸಂಜೆಯವರೆಗೆ ಅವಳು ಬೊಂಬುಗಳನ್ನು ಟಕ್ ಟಕ್ ಎಂದು ಬಡಿಯುತ್ತ ಹೋಗುತ್ತಿದ್ದಳು. ಅಕ್ಕಪಕ್ಕದ ಮನೆಯ ಮಕ್ಕಳು ಆ ಸದ್ದಿಗೇ ಒಂದು ‘ಅಮ್ಮ’ ಸೇರಿಸಿ ಕರೆದರು, ದೊಡ್ಡವರು ತಿದ್ದಲಿಲ್ಲ. ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್ ಒಮ್ಮೆ ಅವಳ ಗೇಟಿನ ಮೇಲೆ ‘ಟಕ್ಕಮ್ಮನ ಏಣಿಗಳು, ನಂಬಿ ಹತ್ತಿ’ ಎಂದು ದೊಡ್ಡಕ್ಷರದಲ್ಲಿ ಬರೆದುಕೊಟ್ಟ. ಓದಿದವರು ನಗುತ್ತ ಒಳಗೆ ಬರುತ್ತಿದ್ದರು. ನಗುತ್ತ ಬಂದ ಗಿರಾಕಿ ಜಗಳವಾಡುವುದಿಲ್ಲ ಎಂದು ಅವಳು ಅದನ್ನು ಹಾಗೇ ಬಿಟ್ಟಳು.

ಅಲ್ಲಿಗೆ ಬರುತ್ತಿದ್ದದ್ದು ಬುಟ್ಟಿ ಹೆಣೆಯುವ ಸಣ್ಣ ಬಿದಿರಲ್ಲ, ಹೆಬ್ಬಿದಿರು. ಹದಿನೈದು ಆಳೆತ್ತರ, ಬುಡದಲ್ಲಿ ತೊಡೆಯ ದಪ್ಪ. ಅದರ ಸ್ವಭಾವ ವಿಚಿತ್ರ. ಮಿಕ್ಕ ಮರಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತವೆ. ಹೆಬ್ಬಿದಿರು ಕಳಲೆಯಾಗಿ ನೆಲ ಸೀಳಿಕೊಂಡು ಏಳುವಾಗಲೇ ತನಗೆ ಇರಬೇಕಾದ ದಪ್ಪವನ್ನೆಲ್ಲ ಹೊತ್ತುಕೊಂಡು ಏಳುತ್ತದೆ. ದಿನಕ್ಕೊಂದು ಗೇಣು, ಹುಮ್ಮಸ್ಸು ಬಂದ ದಿನ ಒಂದು ಮೊಳ, ಹೀಗೆ ಮೂರು ನಾಲ್ಕು ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟಿ ನಿಂತುಬಿಡುತ್ತದೆ. ಆಮೇಲೆ ಒಂದಂಗುಲವೂ ಬೆಳೆಯುವುದಿಲ್ಲ. ಮಿಕ್ಕ ಕೆಲಸವೆಲ್ಲ ಒಳಗಿನದು: ಗೋಡೆ ಗಟ್ಟಿಯಾಗಲು ಇನ್ನೂ ಮೂರು ನಾಲ್ಕು ವರ್ಷ ಬೇಕು. ಹೀಗಾಗಿ ಮೆಳೆಯಲ್ಲಿ ಒಂದು ವರ್ಷದ ಬಿದಿರೂ ಐದು ವರ್ಷದ್ದೂ ಅಣ್ಣತಮ್ಮಂದಿರಂತೆ ಒಂದೇ ಎತ್ತರ, ಒಂದೇ ದಪ್ಪ. ಒಂದರ ಮೇಲೆ ನಾಲ್ಕು ಜನ ಗಂಡಸರು ನಿಲ್ಲಬಹುದು. ಇನ್ನೊಂದರ ಮೇಲೆ ನಿಂತವನ ಗತಿಯನ್ನು ಅವನೇ ನೋಡಿಕೊಳ್ಳಬೇಕು. ಮಗಳಿಗೆ ಗಂಡು ಹುಡುಕುವವರೂ ಇದೇ ತಪ್ಪು ಮಾಡುವುದುಂಟು, ಅದು ಬೇರೆ ವಿಷಯ.

ಟಕ್ಕಮ್ಮನ ಭಾಷೆಯಲ್ಲಿ ಎಳೆಯದು ಕಾಯಿ, ಬಲಿತದ್ದು ಹಣ್ಣು, ಏಳೆಂಟು ವರ್ಷ ದಾಟಿ ಪೆಡಸಾದದ್ದು ಮುದಿ. ಕಾಯಿಯನ್ನು ಬಡಿದರೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಹಾಕಿದಂತೆ ಡಬ್ ಎನ್ನುತ್ತಿತ್ತು. ಹಣ್ಣು ಟಣ್ ಎನ್ನುತ್ತಿತ್ತು, ಆ ಟಣ್ ಬೊಂಬಿನ ಕೊನೆಯವರೆಗೆ ಓಡಿಹೋಗಿ ತಿರುಗಿ ಬರುತ್ತಿತ್ತು. ಮುದಿಯದು ಕಟ್ ಎಂದು ಬಡಿದಲ್ಲೇ ಸತ್ತುಬೀಳುವ ಸದ್ದು. ಅವಳು ಬಡಿದು ಕೂಗುತ್ತಿದ್ದಳು, ಸೊಸೆ ಹಿಂದಿನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು: ಹಣ್ಣಿಗೆ ಒಂದು ಸುತ್ತು, ಮುದಿಗೆ ಎರಡು ಸುತ್ತು, ಕಾಯಿಗೆ ಅಡ್ಡಗೀರು. ಹಣ್ಣಿನ ಬುಡ ಮನೆಯ ಕಂಬಕ್ಕೆ ಹೋಗುತ್ತಿತ್ತು, ತುದಿ ಏಣಿಗೆ, ಉದ್ದನೆಯ ನಡುಭಾಗ ಸಾರುವೆಗೆ. ಎತ್ತರದ ಗೋಡೆಗೆ ಗಾರೆ ಹಚ್ಚುವಾಗ ಕೆಲಸದವರು ನಿಲ್ಲಲು ಸುತ್ತ ಬೊಂಬು ಕಟ್ಟುತ್ತಾರಲ್ಲ, ಅದೇ ಸಾರುವೆ. ಕಾಯಿಯನ್ನೂ ಎಸೆಯುವಂತಿರಲಿಲ್ಲ, ಸೀಳಿದರೆ ತಡಿಕೆಗೆ ಬುಟ್ಟಿಗೆ ಆಗುತ್ತಿತ್ತು. ಮನುಷ್ಯನ ಭಾರ ಹೊರಿಸಬಾರದು ಅಷ್ಟೆ.

ಅವಳ ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ‘ಒಳ್ಳೆಯವನೇ, ಆದರೆ ಕೊನೆಯವರೆಗೂ ಕಾಯಿ’ ಎಂದು ಅವಳು ಒಂದೆರಡು ಸಲ ಹೇಳಿದ್ದನ್ನು ಕೇಳಿದವರಿದ್ದಾರೆ. ಒಬ್ಬನೇ ಮಗ, ಸಾರುವೆ ಕಟ್ಟುವವರ ತಂಡದ ಮುಖ್ಯಸ್ಥ. ಅವನ ಹೆಂಡತಿ ಈ ಮನೆಗೆ ಬಂದು ಏಳು ವರ್ಷ. ಏಣಿಗೆ ತೂತು ಕೊರೆಯುವುದು, ಮೆಟ್ಟಿಲು ಕೂರಿಸುವುದು, ತುದಿಯ ಕೊಳವೆಯಲ್ಲಿ ನೀರು ನಿಲ್ಲದಂತೆ ಗೆಣ್ಣಿನ ಸ್ವಲ್ಪವೇ ಮೇಲೆ ಗರಗಸ ಹಿಡಿಯುವುದು ಎಲ್ಲ ಕಲಿತಿದ್ದಳು. ಬಡಿಯುವುದೊಂದನ್ನು ಅತ್ತೆ ಬಿಟ್ಟುಕೊಟ್ಟಿರಲಿಲ್ಲ.

"ನಂಗೂ ಸ್ವಲ್ಪ ಹೇಳ್ಕೊಡಿ ಅತ್ತೆ," ಎಂದು ಸೊಸೆ ಕೇಳಿದಾಗೆಲ್ಲ ಒಂದೇ ಉತ್ತರ.

"ಹೇಳ್ಕೊಡೋದು ಏನಿದ್ಯೇ ಅದ್ರಲ್ಲಿ? ಕೇಳಿಸಿದೋರಿಗೆ ಕೇಳಿಸತ್ತೆ, ಇಲ್ದೋರಿಗೆ ಇಲ್ಲ."

ಆ ಮಾತು ಬಂದು ಅವಳ ಕೊರಳಿಗೇ ಸುತ್ತಿಕೊಂಡಿತು. ಬಲಗಿವಿ ಒಂಬತ್ತು ವರ್ಷದ ಹಿಂದೆಯೇ ಕೈಬಿಟ್ಟಿತ್ತು. ಎಡಗಿವಿ ಇತ್ತಲ್ಲ ಎಂದು ಅವಳು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಈಗ ಎರಡು ವರ್ಷದಿಂದ ಎಡಗಿವಿಯೂ ಅಣ್ಣನ ದಾರಿ ಹಿಡಿದಿತ್ತು. ವೈದ್ಯರ ಬಳಿಗೆ ಹೋಗಲಿಲ್ಲ, ಮನೆಯಲ್ಲಿ ಬಾಯಿ ಬಿಡಲಿಲ್ಲ. ಅವಳ ಪ್ರಕಾರ ತನ್ನ ಕಿವಿ ಸರಿಯಾಗೇ ಇತ್ತು, ಜಗತ್ತು ಗೊಣಗಲು ಶುರುಮಾಡಿತ್ತು. "ಬಾಯಲ್ಲಿ ಬೆಣ್ಣೆ ಇಟ್ಕೊಂಡಿದ್ದೀಯಾ? ಬಿಡಿಸಿ ಹೇಳು" ಎಂದು ದಿನಕ್ಕೆ ಹತ್ತು ಸಲ ಗದರುತ್ತಿದ್ದಳು. ಸೊಸೆ "ಅತ್ತೆ, ಹಗ್ಗ ಮುಗೀತು" ಎಂದರೆ "ಕಾಗೆ ಕೂಗಿದ್ರೆ ನಾನೇನ್ ಮಾಡ್ಲಿ?" ಎಂಬ ಉತ್ತರ ಬರುತ್ತಿತ್ತು. ಮೊದಮೊದಲು ಅದನ್ನು ಅತ್ತೆಯ ಗಡಸುತನ ಎಂದೇ ಸೊಸೆ ತಿಳಿದಳು. ಗಡಸುತನಕ್ಕೆ ಆ ಮನೆಯಲ್ಲಿ ಕೊರತೆ ಇರಲಿಲ್ಲವಾದ್ದರಿಂದ ಯಾರೂ ಹೆಚ್ಚು ವಿಚಾರ ಮಾಡಲಿಲ್ಲ.

ಅಷ್ಟು ದಿನ ಕೆಲಸ ನಡೆದದ್ದು ಕಣ್ಣಿನ ದಯೆಯಿಂದ. ಎಳೆಯ ಬಿದಿರಿನ ಮೈಮೇಲೆ ಬೆರಳಿಗೆ ಅಂಟುವ ಬಿಳಿ ಹುಡಿ ಇರುತ್ತದೆ, ಗೆಣ್ಣಿನ ಸುತ್ತ ಹಳೆಯ ಪೊರೆಯ ಚೂರು ಉಳಿದಿರುತ್ತದೆ. ಬಲಿತದ್ದರ ಹಸಿರು ಮಾಸಿ ಅಲ್ಲಲ್ಲಿ ಬೂದಿ ಬಣ್ಣದ ಮಚ್ಚೆ ಬಿದ್ದಿರುತ್ತದೆ. ಟಕ್ಕಮ್ಮ ಬಡಿಯುವುದನ್ನು ಬಿಡಲಿಲ್ಲ, ಆದರೆ ತೀರ್ಪು ಕೊಡುತ್ತಿದ್ದದ್ದು ಕಣ್ಣು. ತೊಂದರೆ ಬಂದದ್ದು ಹೊಳೆಯಲ್ಲಿ ನೆನೆದ ಬೊಂಬಿನಿಂದ. ಬಿದಿರಿನೊಳಗಿನ ಸಿಹಿ ರಸ ಬಿಟ್ಟುಹೋದರೆ ಹುಳು ತಿನ್ನುವುದಿಲ್ಲ ಎಂದು ಕಡಿದ ಬೊಂಬುಗಳನ್ನು ತೆಪ್ಪ ಕಟ್ಟಿ ವಾರಗಟ್ಟಲೆ ನೀರಿನಲ್ಲಿ ಮುಳುಗಿಸಿಡುವುದು ಅಲ್ಲಿನ ರೂಢಿ. ಆರು ವಾರ ನೆನೆದು ಮೇಲೆ ಬಂದ ಬೊಂಬಿಗೆ ಹುಡಿಯೂ ಇಲ್ಲ, ಪೊರೆಯೂ ಇಲ್ಲ, ಮಚ್ಚೆಯೂ ಇಲ್ಲ. ಎಲ್ಲವೂ ಒಂದೇ ಕೆಸರು ಬಣ್ಣ. ಆಗ ಉಳಿಯುವುದು ಸದ್ದೊಂದೇ.

ಒಂದು ಬೆಳಿಗ್ಗೆ ಪೇಂಟರ್ ಎರಡು ತುಂಡಾದ ಏಣಿಯನ್ನು ಹೆಗಲ ಮೇಲೆ ಹೊತ್ತು ಗೇಟಿನೊಳಗೆ ಬಂದ. ದೊಡ್ಡ ದೇಹದವನು. ಅರ್ಧ ಮುಖಕ್ಕೆ ನೀಲಿ ಬಣ್ಣ ಮೆತ್ತಿಕೊಂಡಿತ್ತು.

"ಟಕ್ಕಮ್ಮಾ! ‘ನಂಬಿ ಹತ್ತಿ’ ಅಂತ ನನ್ ಕೈಯಲ್ಲೇ ಬರೆಸ್ಕೊಂಡು ನಂಗೇ ಕೈ ಕೊಟ್ರಲ್ಲ!" ಎಂದು ಅವನು ಕೂಗಿದ. ಅವನ ಧ್ವನಿ ಅವನ ದೇಹದಷ್ಟೇ ದೊಡ್ಡದಾದ್ದರಿಂದ ಅವಳಿಗೆ ಚೆನ್ನಾಗಿ ಕೇಳಿಸಿತು.

"ಏನಾಯ್ತು?"

"ಏನಾಗ್ಬೇಕು? ಮೇಲಕ್ಕೆ ಐದು ಮೆಟ್ಲು ಹತ್ತಿದೆ, ಕೆಳಕ್ಕೆ ಒಂದೇ ಮೆಟ್ಲಲ್ಲಿ ಬಂದೆ. ಕೆಳಗೆ ಖಾಲಿ ಚೀಲ ರಾಶಿ ಹಾಕಿದ್ರು, ಬದುಕ್ಕೊಂಡೆ."

"ನಿನ್ನ ತೂಕ ಎಷ್ಟು?"

"ಹೋದ ವರ್ಷ ಎಷ್ಟಿತ್ತೋ ಅಷ್ಟೇ ಅಮ್ಮಾ."

"ಹೋದ ವರ್ಷನೂ ಜಾಸ್ತೀನೇ ಇತ್ತು," ಎಂದಳು ಟಕ್ಕಮ್ಮ. "ಇಟ್ಟು ಹೋಗು. ಬೇರೆ ಮಾಡಿಕೊಡ್ತೀನಿ."

ಅವನು ಗೊಣಗುತ್ತ ಹೋದ ಮೇಲೆ ಮುರಿದ ಕಡೆಗೆ ಮಚ್ಚು ಹಾಕಿದಳು. ಹಣ್ಣು ಬಿದಿರು ಮಚ್ಚಿಗೆ ಎದುರು ಜವಾಬು ಕೊಡುತ್ತದೆ. ಇಲ್ಲಿ ಮಚ್ಚು ಸೌತೆಕಾಯಿಗೆ ಇಳಿದಂತೆ ಇಳಿಯಿತು. ಒಳಗೆ ಬೆಳ್ಳಗೆ, ನಾರುನಾರಾಗಿ, ಹಿಂಡಿದರೆ ನೀರು ಬರುವ ಹಾಗೆ. ಒಂದು ವರ್ಷದ್ದು ಇರಬಹುದು, ಮೇಲೆ ಮೂರು ತಿಂಗಳು. ಹೊರಗೆ ಮಾತ್ರ ಸೀಮೆಸುಣ್ಣದ ಒಂದು ಸುತ್ತು ಅಚ್ಚುಕಟ್ಟಾಗಿ ಕುಳಿತಿತ್ತು. ಅವಳೇ ಹಣ್ಣು ಎಂದು ಕೂಗಿದ ಕಾಯಿ.

ಅಂಗಳದ ಮೂಲೆಯಲ್ಲಿ ಸದಾ ಒಂದು ಬೆಂಕಿ ಇರುತ್ತಿತ್ತು. ಡೊಂಕು ಬೊಂಬನ್ನು ಅದರ ಮೇಲೆ ಹಿಡಿದು, ಬಿಸಿಯೇರಿ ಬೆವರಿದಾಗ ಮೆಲ್ಲಗೆ ಒತ್ತಿ ನೆಟ್ಟಗೆ ಮಾಡುತ್ತಿದ್ದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದವನು ಬಿದಿರಿನ ಕೆಲಸ ಕಂಡವನಲ್ಲ ಎಂಬುದು ಟಕ್ಕಮ್ಮನ ಖಚಿತ ಅಭಿಪ್ರಾಯ. ಬಿದಿರು ಬಲಿತ ಮೇಲೂ ಬಗ್ಗುತ್ತದೆ, ಬಿಸಿ ತಾಗಿಸಬೇಕು ಅಷ್ಟೆ. ಆದರೆ ಬೆಂಕಿಗೆ ಇಡುವ ಮುಂಚೆ ಪ್ರತಿ ಗೆಣ್ಣಿನ ಒಳಗೋಡೆಗೂ ಸರಳು ಹಾಕಿ ತೂತು ಮಾಡಬೇಕು. ಇಲ್ಲದಿದ್ದರೆ ಎರಡು ಗೆಣ್ಣಿನ ನಡುವೆ ಸಿಕ್ಕ ಗಾಳಿ ಕಾದು, ಉಬ್ಬಿ, ಬೊಂಬು ಸಿಡಿಯುತ್ತದೆ. ಆ ಬೀದಿಯ ಹಾಲುಗಲ್ಲದ ಮಕ್ಕಳಿಗೂ ಗೊತ್ತಿದ್ದ ಸಂಗತಿ ಅದು. ಟಕ್ಕಮ್ಮನಿಗೆ ಆವತ್ತು ನೆನಪಿದ್ದದ್ದು ಒಂದೇ, ಆ ಸುತ್ತು ಯಾರ ಕಣ್ಣಿಗೂ ಬೀಳಬಾರದು. ಸೀಳದೆ ಉಳಿದ ತುಂಡನ್ನು ಹಾಗೇ ಬೆಂಕಿಗೆ ತುರುಕಿ, ಕೈ ತೊಳೆಯಲು ನಲ್ಲಿಯ ಕಡೆಗೆ ನಡೆದಳು.

ಢಂ ಎಂದಿತು. ಮರದ ಮೇಲಿನ ಕಾಗೆಗಳು ಒಟ್ಟಿಗೆ ಎದ್ದವು, ಪಕ್ಕದ ಮನೆಯ ನಾಯಿ ಮಂಚದಡಿ ಸೇರಿತು, ಸೊಸೆಯ ಕೈಯಲ್ಲಿದ್ದ ಪಾತ್ರೆ ನೆಲಕ್ಕೆ ಬಿತ್ತು. ಹಿಂದಿನ ಬೀದಿಯಿಂದ ಇಬ್ಬರು ‘ಗುಂಡು ಎಲ್ಲಿ ಹಾರಿತು?’ ಎಂದು ಓಡಿಬಂದರು. ಟಕ್ಕಮ್ಮ ನಲ್ಲಿ ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡು ಗೇಟಿನ ಕಡೆಗೆ ತಿರುಗಿದಳು.

"ಯಾರದು ಬಾಗಿಲು ತಟ್ಟಿದ್ದು? ಬನ್ನಿ ಒಳಗೆ."

ಸೊಸೆ ಅತ್ತೆಯನ್ನು ನೋಡಿದಳು. ಆಮೇಲೆ ಬೆಂಕಿಯ ಹತ್ತಿರ ಹೋಗಿ ಸಿಡಿದು ಹೊರಬಿದ್ದಿದ್ದ ಸೀಳನ್ನು ಕಾಲಿನಿಂದ ಹೊರಳಿಸಿದಳು. ತನ್ನ ಕೈಯಾರೆ ಹಾಕಿದ ಸುತ್ತು ಅರ್ಧ ಸುಟ್ಟು ಅರ್ಧ ಉಳಿದಿತ್ತು. ಎರಡೂ ಸಂಗತಿ ಒಟ್ಟಿಗೇ ಅವಳಿಗೆ ತಿಳಿಯಿತು. ಏನೂ ಹೇಳಲಿಲ್ಲ. ಇದು ಸೊಸೆಯಂದಿರಲ್ಲಿ ಅಪರೂಪದ ಗುಣ, ಅವಳಲ್ಲೂ ಅಪರೂಪಕ್ಕೇ ಕಾಣಿಸುತ್ತಿತ್ತು.

ನಾಲ್ಕು ದಿನಕ್ಕೆ ದೊಡ್ಡ ಕೆಲಸ ಬಂತು. ಊರ ನಡುವಿನ ಗಡಿಯಾರದ ಗೋಪುರಕ್ಕೆ ಹೊಸ ಗಾರೆ ಹಚ್ಚಬೇಕು, ನೆಲದಿಂದ ಗಡಿಯಾರದ ಮುಖದವರೆಗೆ ಸಾರುವೆ ಏಳಬೇಕು. ಕಟ್ಟುವವನು ಟಕ್ಕಮ್ಮನ ಮಗ. ನೂರಿಪ್ಪತ್ತು ಬೊಂಬುಗಳ ತೆಪ್ಪ ಹೊಳೆಯಿಂದ ಮೇಲೆ ಬಂದು ಅಂಗಳದ ತುಂಬ ಮಲಗಿತು. ಮೆಳೆಯಲ್ಲಿ ಕಡಿಯುವ ಹಳಬ ಮಂಡಿನೋವಿನಿಂದ ಮನೆ ಹಿಡಿದಿದ್ದ. ಅವನ ಜಾಗಕ್ಕೆ ಬಂದ ಹೊಸಬ ದಪ್ಪ ಕಂಡದ್ದನ್ನೆಲ್ಲ ಕಡಿದು ಕಳಿಸಿದ್ದ. ಗಾರೆ ಕೆಲಸದ ಮೇಸ್ತ್ರಿ ಬಂದು ಬೊಂಬುಗಳ ಮೇಲೆ ಕೈಯಾಡಿಸಿ ತೃಪ್ತನಾದ.

"ಎಲ್ಲಾ ತೊಡೆ ದಪ್ಪ ಇವೆ. ಇದ್ರಲ್ಲಿ ಆರಿಸೋದೇನಿದೆ? ನಾಳೇನೇ ಗಾಡಿ ಕಳಿಸ್ತೀನಿ."

"ದಪ್ಪ ಇದ್ದೋರೆಲ್ಲ ಗಟ್ಟಿ ಅನ್ನೋ ಹಾಗಿದ್ರೆ ಪೇಂಟರ್‌ನೇ ಕಂಬ ಮಾಡಿ ನಿಲ್ಲಿಸಬಹುದಿತ್ತು," ಎಂದಳು ಟಕ್ಕಮ್ಮ.

ಮಗ ನಕ್ಕ. ಎತ್ತರದಲ್ಲಿ ನಿಂತು ಕೆಳಗಿನವರಿಗೆ ಕೂಗಿ ಕೂಗಿ ಅವನ ಮಾತು ಯಾವಾಗಲೂ ಜೋರು. "ನೋಡಿ ಮೇಸ್ತ್ರಿ, ಅಮ್ಮ ಹಣ್ಣು ಅಂದಿದ್ದಕ್ಕೆ ಮಾತ್ರ ನಾನು ಕಾಲಿಡೋದು. ಹದಿನೆಂಟು ವರ್ಷದಿಂದ ಅದೇ. ಅಮ್ಮ ಅಂದ್ಮೇಲೆ ನಾನು ಕೆಳಗೆ ನೋಡೋದೂ ಇಲ್ಲ."

ಆ ದಿನ ಟಕ್ಕಮ್ಮನಿಗೆ ಅಕ್ಷರ ಅಕ್ಷರವೂ ಕೇಳಿಸಿದ ಮಾತು ಅದೊಂದೇ.

ಮರುದಿನ ಬೆಳಿಗ್ಗೆ, ಗಾಡಿ ಬರುವ ಮುಂಚೆ, ಅತ್ತೆ ಸೊಸೆ ಇಬ್ಬರೂ ಆರಿಸಲು ನಿಂತರು. ಮೊದಲ ಬೊಂಬನ್ನು ಟಕ್ಕಮ್ಮ ಬಡಿದಳು. ಬಗ್ಗಿ ಇನ್ನೊಮ್ಮೆ ಬಡಿದಳು. ದೂರದ ಮನೆಯಲ್ಲಿ ಯಾರೋ ಏನೋ ಇಟ್ಟಂತೆ ಒಂದು ಸದ್ದು. ಡಬ್ಬೋ ಟಣ್ಣೋ ದೇವರೇ ಬಲ್ಲ.

"ಹಣ್ಣು," ಎಂದಳು. ತಿರುಗಿ ನೋಡಿದರೆ ಸೊಸೆ ಸೀಮೆಸುಣ್ಣವನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಳು. "ಗುರುತು ಹಾಕೇ."

"ಹಾಕಲ್ಲ."

"ಏನಂದೆ?"

"ಹಾಕಲ್ಲ ಅಂದೆ!" ಸೊಸೆ ಕೂಗಿದಳು. "ಅತ್ತೆ, ನಿಮಗೆ ಕಿವಿ ಕೇಳ್ಸಲ್ಲ."

"ನೀನು ಗೊಣಗಿದ್ರೆ ಯಾರಿಗೆ ತಾನೆ ಕೇಳ್ಸತ್ತೆ?"

"ಆವತ್ತು ಬೆಂಕೀಲಿ ಬೊಂಬು ಸಿಡೀತಲ್ಲ, ಅದೂ ಗೊಣಗ್ತಾ? ಹಿಂದಿನ ಬೀದಿಯೋರು ಓಡಿ ಬಂದ್ರು. ನೀವು ಯಾರೋ ಬಾಗಿಲು ತಟ್ಟಿದ್ರು ಅಂದ್ರಿ. ಸುಟ್ಟ ತುಂಡೂ ನೋಡಿದೀನಿ, ಅದರ ಮೇಲಿನ ಸುತ್ತೂ ನೋಡಿದೀನಿ."

ಟಕ್ಕಮ್ಮ ಬೊಂಬಿನ ಮೇಲಿಂದ ಕೈ ತೆಗೆದಳು.

"ಇದರ ಮೇಲೆ ಹತ್ತೋನು ನಿಮಗೆ ಮಗ ಆದ್ರೆ ನಂಗೆ ಗಂಡ. ಮಧ್ಯಾಹ್ನ ಅವ್ರು ಗಾಡಿ ತರ್ತಾರೆ. ಅಷ್ಟರೊಳಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ. ನೀನು ಬಾಯಿ ಮುಚ್ಕೊಂಡಿರು," ಎಂದು ಟಕ್ಕಮ್ಮ ಕೈ ಕೊಡವಿದಳು.

ಹೇಳುವುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಮಗನ ಕಾಲು ಒಂದು ತಕ್ಕಡಿಯಲ್ಲಿ, ತನ್ನ ಹೆಸರು ಇನ್ನೊಂದರಲ್ಲಿ ಇಟ್ಟು ತೂಗುವಷ್ಟು ಮೂರ್ಖಳಲ್ಲ ಅವಳು. ಆದರೆ ಹೇಳಿದ ಮೇಲೆ ಏನಾಗುತ್ತದೆ ಎಂಬುದೂ ಅವಳಿಗೆ ಸ್ಪಷ್ಟವಾಗಿತ್ತು. ನೆರಳಿನಲ್ಲಿ ಒಂದು ಕುರ್ಚಿ ಬರುತ್ತದೆ. ಹೊತ್ತು ಹೊತ್ತಿಗೆ ಒಂದು ಲೋಟ ಬಿಸಿ ಏನಾದರೂ ಬರುತ್ತದೆ. ಬಂದುಹೋಗುವವರು ‘ಹೇಗಿದ್ದೀರಾ’ ಎಂದು ಕೂಗಿ, ಉತ್ತರಕ್ಕೆ ಕಾಯದೆ ಮುಂದೆ ನಡೆಯುತ್ತಾರೆ. ಅಂಥ ಕುರ್ಚಿಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಅದರಲ್ಲಿ ಕೂತವರು ಆಮೇಲೆ ಎದ್ದದ್ದನ್ನು ನೋಡಿರಲಿಲ್ಲ.

ಮಧ್ಯಾಹ್ನದವರೆಗೆ ಕೈಗೆ ಏನಾದರೂ ಕೆಲಸ ಬೇಕಿತ್ತು. ಪೇಂಟರನ ಹೊಸ ಏಣಿ ಅರ್ಧವಾಗಿತ್ತು. ಅದರ ಬೊಂಬುಗಳನ್ನು ನೆನೆಹಾಕದ ಹಳೆಯ ದಾಸ್ತಾನಿನಿಂದ, ಮಚ್ಚೆ ನೋಡಿ ತೆಗೆದಿದ್ದಳು. ಏಣಿಯ ಉದ್ದಬೊಂಬು ನೆಟ್ಟಗಿದೆಯೇ ಎಂದು ನೋಡಲು ಅದರ ಕೊನೆಗೆ ಕೆನ್ನೆಯಿಟ್ಟು ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣನ್ನು ಉದ್ದಕ್ಕೆ ಓಡಿಸುವುದು ಕ್ರಮ. ಅವಳು ಮಂಡಿಯೂರಿ ಕೆನ್ನೆಯೆಲುಬನ್ನು ಬೊಂಬಿಗೆ ಒತ್ತಿದಳು. ಆ ತುದಿಯಲ್ಲಿ ಸೊಸೆ ಮೆಟ್ಟಿಲನ್ನು ತೂತಿಗೆ ಕೂರಿಸಿ ಕೊಡತಿಯಿಂದ ಬಡಿಯುತ್ತಿದ್ದಳು, ಬಾಯಲ್ಲಿ ಉಳಿದ ಸಿಟ್ಟನ್ನೆಲ್ಲ ಕೈಯಲ್ಲಿ ಹಾಕಿ.

ಟಣ್.

ಟಕ್ಕಮ್ಮ ತಲೆ ಎತ್ತಿದಳು. ಸೊಸೆಯ ಕೊಡತಿ ಏಳುತ್ತಿತ್ತು, ಬೀಳುತ್ತಿತ್ತು, ಸದ್ದಿಲ್ಲ. ಕೆನ್ನೆ ಇಟ್ಟಳು. ಟಣ್. ಎತ್ತಿದಳು, ಇಲ್ಲ. ಇಟ್ಟಳು, ಟಣ್. ಕಿವಿಯಲ್ಲಲ್ಲ; ಕೆನ್ನೆಯ ಮೂಳೆಯಲ್ಲಿ, ದವಡೆಯಲ್ಲಿ, ತಲೆಬುರುಡೆಯ ಒಳಗೆ. ಎರಡು ವರ್ಷದಿಂದ ಕಾಣೆಯಾಗಿದ್ದ ಸದ್ದು ಬಾಗಿಲು ಬಿಟ್ಟು ಕಿಟಕಿಯಿಂದ ಒಳಗೆ ಬಂದಿತ್ತು.

"ಏ, ಇನ್ನೊಂದ್ಸಲ ಬಡಿ."

"ನಾನೇನು ನಿಮ್ಮ ಮೇಲಿನ ಸಿಟ್ಟಿಗೆ ಬಡೀತಿಲ್ಲ," ಎಂದು ಸೊಸೆ ಬಿರುಸಾಗಿ ಹೇಳಿದಳು. ಅದು ಅತ್ತೆಗೆ ಕೇಳಿಸಲೂ ಇಲ್ಲ.

"ಬಡಿ ಅಂದೆ. ಮಾತು ಬೇಡ."

ಆಮೇಲಿನ ಅರ್ಧ ಗಂಟೆ ಆ ಅಂಗಳಕ್ಕೆ ಯಾರಾದರೂ ಬಂದಿದ್ದರೆ ಮುದುಕಿಗೆ ಬುದ್ಧಿ ಕೆಟ್ಟಿತೆಂದೇ ಹೇಳುತ್ತಿದ್ದರು. ಹೊಳೆಯ ಬೊಂಬುಗಳ ಹತ್ತಿರ ಹೋಗಿ, ಆ ತುದಿಯನ್ನು ಸೊಸೆಯಿಂದ ಬಡಿಸುತ್ತ, ಒಂದಕ್ಕೆ ಗಲ್ಲ ಒತ್ತಿದಳು, ಒಂದಕ್ಕೆ ಹಣೆ, ಒಂದಕ್ಕೆ ಕಿವಿಯ ಹಿಂದಿನ ಎಲುಬು. ಕೊನೆಗೆ ಕೊಯ್ದ ತುದಿಯ ಅಂಚನ್ನು ಸೆರಗಿನಿಂದ ಒರೆಸಿ, ಮುಂದಿನ ಹಲ್ಲು ಊರಿ ಕಚ್ಚಿದಳು. ಎಲ್ಲಕ್ಕಿಂತ ಅದೇ ಚೆನ್ನಾಗಿತ್ತು. ಡಬ್ ಡಬ್ಬಾಗಿ, ಟಣ್ ಟಣ್ಣಾಗಿ, ಕಟ್ ಕಟ್ಟಾಗಿ ಬಂತು. ಸದ್ದು ಬೊಂಬಿನ ಉದ್ದಕ್ಕೂ ಓಡಿ ಬರಬೇಕು, ಅವಳ ಕೈಗೆ ಆ ತುದಿ ಎಟುಕುವುದಿಲ್ಲ ಎಂಬುದೊಂದೇ ತೊಡಕು. ಕಚ್ಚುವವಳು ಒಬ್ಬಳಾದರೆ ಬಡಿಯುವವಳು ಇನ್ನೊಬ್ಬಳು ಬೇಕು, ಅದೂ ಊರೆಲ್ಲ ನೋಡುವ ಹಾಗೆ. ಕಿವಿ ಇದ್ದವಳು ಯಾರು ಬೊಂಬು ಕಚ್ಚುತ್ತಾಳೆ?

ಟಕ್ಕಮ್ಮ ಬಾಯಿ ಒರೆಸಿಕೊಂಡಳು.

"ಇನ್ಮೇಲೆ ನೀನು ಬಡಿ. ನಾನು ಕಚ್ತೀನಿ."

"ಅತ್ತೆ ಕಚ್ಚೋದು ಈ ಮನೇಲಿ ಹೊಸದೇನಲ್ಲ," ಎಂದಳು ಸೊಸೆ, ಈ ಸಲ ಕೇಳಿಸುವ ಹಾಗೆ. ಮತ್ತು ಕೊಡತಿ ತೆಗೆದುಕೊಂಡು ಆ ತುದಿಗೆ ನಡೆದಳು.

ಮಗ, ಮೇಸ್ತ್ರಿ, ತಂಡದ ನಾಲ್ವರು ಗಾಡಿಯೊಂದಿಗೆ ಬಂದಾಗ ಹದಿನಾರನೆಯ ಬೊಂಬು ನಡೆಯುತ್ತಿತ್ತು. ಏಣಿ ಕೇಳಲು ಬಂದ ಪೇಂಟರ್ ಅವರಿಗಿಂತ ಮೊದಲೇ ಗೇಟಿನಲ್ಲಿ ನಿಂತು ನೋಡುತ್ತಿದ್ದ.

"ಅಮ್ಮ, ಏನಾಯ್ತು? ಊಟ ಮಾಡಿಲ್ವಾ?" ಎಂದ ಮಗ.

ಟಕ್ಕಮ್ಮ ಎದ್ದು ನಿಂತಳು. ಪೀಠಿಕೆ ಹಾಕುವುದು ಅವಳಿಗೆ ಬರುತ್ತಿರಲಿಲ್ಲ.

"ನಂಗೆ ಕಿವಿ ಹೋಗಿದೆ ಕಣೋ. ಬಲದ್ದು ಒಂಬತ್ತು ವರ್ಷ ಆಯ್ತು, ಎಡದ್ದು ಎರಡು. ಪೇಂಟರ್ ಬಿದ್ದಿದ್ದು ಅವನ ತೂಕಕ್ಕಲ್ಲ, ನನ್ನ ತಪ್ಪಿಗೆ. ಈಗ ಹಲ್ಲಲ್ಲಿ ಕೇಳ್ತಿದೀನಿ, ಇವಳು ಬಡೀತಿದಾಳೆ. ನಂಬ್ತೀಯೋ ಬಿಡ್ತೀಯೋ ನೀನೇ ನೋಡ್ಕೋ."

"ಹಾಗಾದ್ರೆ ನನ್ನ ತೂಕ ಸರಿಯಾಗೇ ಇತ್ತು!" ಎಂದ ಪೇಂಟರ್.

"ನಾನು ಹಾಗಂದಿಲ್ಲ."

ಮೇಸ್ತ್ರಿ ತಲೆಯಾಡಿಸಿದ. "ಹಲ್ಲಲ್ಲಿ ಕೇಳೋದು ಅಂದ್ರೇನಮ್ಮಾ? ಕಿವುಡರ ಮುಂದೆ ಕಿನ್ನರಿ ಬಾರಿಸಿದ್ರು ಅಂತ ಗಾದೆ ಕೇಳಿದ್ದೆ. ಕಿನ್ನರೀನೇ ಕಚ್ಚಿದ್ರು ಅಂತ ಕೇಳಿರ್ಲಿಲ್ಲ."

ಮಗ ಹೋಗಿ, ಸುತ್ತು ಹಾಕಿದ ಒಂದು ಬೊಂಬನ್ನೂ ಅಡ್ಡಗೀರಿನ ಒಂದನ್ನೂ ಎಳೆದು ತಂದು ಎರಡು ದಿಮ್ಮಿಗಳ ಮೇಲೆ ಅಕ್ಕಪಕ್ಕ ಮಲಗಿಸಿದ. ನೋಡಲು ಅವಳಿಜವಳಿ.

"ಹತ್ತಿ," ಎಂದ ಮೇಸ್ತ್ರಿಗೆ. "ನೀವೂ, ಪೇಂಟರಣ್ಣನೂ. ತಂಡದೋರೂ ಇಬ್ರು ಬನ್ನಿ."

ನಾಲ್ವರೂ ಒಬ್ಬರ ಭುಜ ಒಬ್ಬರು ಹಿಡಿದು ಸುತ್ತಿನ ಬೊಂಬಿನ ನಡುವೆ ನಿಂತರು. ಅದು ಒಂದಿಷ್ಟು ಬಾಗಿತು, ಪೇಂಟರ್ ಕುಣಿದು ನೋಡಿದ, ಅದೂ ಅವನೊಂದಿಗೆ ಕುಣಿದು ಮತ್ತೆ ನೆಟ್ಟಗಾಯಿತು. ಅಡ್ಡಗೀರಿನದಕ್ಕೆ ದಾಟಿದರು. ಕುಣಿಯುವ ಅಗತ್ಯ ಬೀಳಲಿಲ್ಲ. ಲಟಕ್ ಎಂದು ಅದು ನಡುವೆ ಚಪ್ಪಟೆಯಾಗಿ ಬಾಯಿಬಿಟ್ಟಿತು. ಒಂದು ಮೊಳ ಎತ್ತರದಿಂದ ಪೇಂಟರ್ ಮೇಸ್ತ್ರಿಯ ಮೇಲೆ ಬಿದ್ದ.

"ಈ ಮನೆಯೋರು ಇರೋದೇ ನನ್ನ ಬೀಳ್ಸೋಕೆ!" ಎಂದು ಅವನು ಮಲಗಿದಲ್ಲಿಂದಲೇ ಕೂಗಿದ. ಅಡಿಯಿಂದ ಮೇಸ್ತ್ರಿ ಹೇಳಿದ್ದು ಯಾರಿಗೂ ತಿಳಿಯಲಿಲ್ಲ.

ಮಗ ಸೀಳಿದ ಬೊಂಬಿನ ಒಳಗೆ ಬೆರಳು ಹಾಕಿ ಬೆಳ್ಳಗಿನ ನಾರು ಕಿತ್ತು ನೋಡಿದ. ಅದನ್ನು ಎಸೆದು ಹೆಂಡತಿಯ ಕಡೆ ತಿರುಗಿದ.

"ಮುಂದಿಂದು ಬಡಿ. ಬೇಗ. ಗಾಡಿ ಕಾಯ್ತಿದೆ."

ನೂರಿಪ್ಪತ್ತರಲ್ಲಿ ಹಣ್ಣು ಎಪ್ಪತ್ತೊಂದು. ಮಿಕ್ಕದ್ದು ಕಾಯಿ, ನಾಲ್ಕಾರು ಮುದಿ. ಕಡಿಯುವ ಹೊಸಬನಿಗೆ ಹೇಳಿಕಳಿಸಿ, ಹಳಬನನ್ನು ಗಾಡಿಯಲ್ಲಿ ಮೆಳೆಯವರೆಗೆ ಕರೆದೊಯ್ದು ಕುಳ್ಳಿರಿಸಿ, ಅವನು ಬೆರಳು ತೋರಿಸಿದ್ದನ್ನು ಮಾತ್ರ ಕಡಿಸಿ, ಈ ಸಲಕ್ಕೆ ಹೊಳೆಯಲ್ಲಿ ನೆನೆಹಾಕದೆಯೇ ತಂದರು. ಒಂದು ವಾರ ತಡವಾಯಿತು. ಗೋಪುರದ ಗಡಿಯಾರ ಹೇಗೂ ಮೊದಲಿನಿಂದಲೇ ಇಪ್ಪತ್ತು ನಿಮಿಷ ಹಿಂದಿತ್ತಾದ್ದರಿಂದ ಊರು ಅವಸರ ಮಾಡಲಿಲ್ಲ. ಸಾರುವೆ ಎದ್ದು, ಹನ್ನೊಂದು ವಾರ ನಿಂತು, ಗಾರೆ ಮುಗಿದ ಮೇಲೆ ಬಿಚ್ಚಿ ಬಂತು. ಅಷ್ಟು ದಿನವೂ ಮಗ ಅದರ ಮೇಲೆ ಓಡಾಡಿದ, ಕೆಳಗೆ ನೋಡದೆ.

ಕುರ್ಚಿ ಬರಲಿಲ್ಲ. ಬೊಂಬಿನ ತುದಿಯಲ್ಲಿ ಮಂಡಿ ನೋಯದಿರಲಿ ಎಂದು ಸೊಸೆ ಗೋಣಿಚೀಲ ಮಡಿಸಿ ಒಂದು ಮೆತ್ತೆ ಹೊಲಿದುಕೊಟ್ಟಳು, ಅಷ್ಟೆ. ಆದರೆ ಬೇರೊಂದು ಬೆಳವಣಿಗೆ ಆಯಿತು. ಬಡಿಯುವವಳ ಕಿವಿ ಬಡಿಯುವ ಜಾಗದಲ್ಲೇ ಇರುತ್ತದೆ. ಎರಡನೆಯ ತೆಪ್ಪ ಮುಗಿಯುವ ಹೊತ್ತಿಗೆ, ಟಕ್ಕಮ್ಮ ಹಲ್ಲು ಬಿಡಿಸಿ ಕೂಗುವ ಮುಂಚೆಯೇ ಸೊಸೆಯ ತುಟಿ ಅಲುಗುವುದು ಅವಳಿಗೆ ಕಾಣಿಸತೊಡಗಿತು. ತುಟಿ ನೋಡಿ ಮಾತು ಹಿಡಿಯುವುದನ್ನು ಎರಡು ವರ್ಷದಿಂದ ಅಭ್ಯಾಸ ಮಾಡಿದ್ದಳಲ್ಲ. ಹಣ್ಣು, ಹಣ್ಣು, ಕಾಯಿ, ಒಂದೂ ತಪ್ಪಿರಲಿಲ್ಲ. ಅತ್ತೆ ಕಂಡೂ ಕಾಣದಂತಿದ್ದಳು. ಒಂದು ಬೊಂಬಿಗೆ ಮಾತ್ರ ಟಕ್ಕಮ್ಮ "ಕಾಯಿ" ಎಂದಾಗ ಆ ತುದಿಯಿಂದ ಸೀಮೆಸುಣ್ಣ ಕದಲಲಿಲ್ಲ.

"ಹಣ್ಣು ಅತ್ತೆ ಅದು."

"ಕಾಯಿ."

"ಹಣ್ಣು. ಬೇಕಾದ್ರೆ ಇನ್ನೊಂದ್ಸಲ ಕಚ್ಚಿ."

ಇನ್ನೊಂದು ಸಲ ಕಚ್ಚಿದರೂ ಕಾಯಿಯೇ. ಇಬ್ಬರೂ ಸೋಲುವ ಪೈಕಿಯವರಲ್ಲ. ಗರಗಸ ತಂದು ಕೊಯ್ದರು. ಒಳಗೆ ಹೊಂಬಣ್ಣ, ಗರಗಸದ ಹಲ್ಲು ಕಿರುಗುಟ್ಟುವಷ್ಟು ಗಟ್ಟಿ. ನಾಲ್ಕು ವರ್ಷದ ಅಪ್ಪಟ ಹಣ್ಣು.

ಟಕ್ಕಮ್ಮ ಆ ಕೊಯ್ತದ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು.

"ನನ್ನ ಒಂದು ಹಲ್ಲು ಅಲ್ಲಾಡ್ತಿದೆ," ಎಂದಳು ಕೊನೆಗೆ. "ಅದಕ್ಕೇ ಸದ್ದು ಕಲಬೆರಕೆ ಆಗಿದೆ. ನಾಳೆಯಿಂದ ನೀನೂ ಬಾಯಿ ಬಿಟ್ಟು ಕೂಗು. ಬರೀ ತುಟಿ ಅಲ್ಲಾಡಿಸ್ಬೇಡ."

ಒಂಬತ್ತು ವರ್ಷ ಕಿವಿಗೆಂದು ಯಾವ ವೈದ್ಯರ ಮೆಟ್ಟಿಲನ್ನೂ ಹತ್ತದವಳು, ಹಲ್ಲಿಗೆಂದು ಮರುದಿನವೇ ಸೊಸೆಯನ್ನು ಎಳೆದುಕೊಂಡು ಹೊರಟಳು. ದಂತವೈದ್ಯೆ ಇನ್ನೂ ಚಿಕ್ಕ ವಯಸ್ಸಿನವಳು. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಬಾಯಿಯೊಳಗೆ ಬೆಳಕು ಬಿಟ್ಟು, ಹುಬ್ಬು ಗಂಟಿಕ್ಕಿದಳು.

"ಮುಂದಿನ ಹಲ್ಲುಗಳ ಅಂಚು ಇಷ್ಟು ಸವೆದಿದೆಯಲ್ಲ. ಏನು ಕಚ್ತೀರಿ ಅಮ್ಮಾ?"

"ಬಿದಿರು."

ಕೇಳಿದ್ದು ಅರ್ಥವಾಗಿಲ್ಲವೆಂದು ತಿಳಿದು ಅವಳು ಇನ್ನೂ ಜೋರಾಗಿ ಕೇಳಿದಳು. "ಅಲ್ಲಮ್ಮಾ, ಹಲ್ಲಲ್ಲಿ, ಏನು, ಕಚ್ತೀರಿ?"

"ಕೇಳಿಸ್ತು ತಾಯಿ. ಬಿದಿರೇ."

ವೈದ್ಯೆ ಬಾಗಿಲ ಬಳಿ ನಿಂತ ಸೊಸೆಯ ಕಡೆ ನೋಡಿದಳು. ಸೊಸೆ ಹೌದೆಂದು ತಲೆಯಾಡಿಸಿದಳು. ವೈದ್ಯೆ ಒಂದು ಸಣ್ಣ ಉಕ್ಕಿನ ಕಡ್ಡಿ ತೆಗೆದು, ಯಾವುದು ಸಡಿಲವಾಗಿದೆ ನೋಡಲು ಹಲ್ಲುಗಳನ್ನು ಒಂದು ತುದಿಯಿಂದ ಬಡಿಯತೊಡಗಿದಳು. ಟಕ್. ಟಕ್. ಟಕ್.

ಟಕ್ಕಮ್ಮ ಕಣ್ಣು ಮುಚ್ಚಿದಳು.

"ಹಣ್ಣು," ಎಂದಳು ಬಾಯಿ ತೆರೆದುಕೊಂಡೇ. ಟಕ್. "ಹಣ್ಣು." ಟಕ್. "ಹಣ್ಣು." ಟಕ್. "ಮುದಿ. ಅದನ್ನ ಕಿತ್ತಾಕಿ."

ಕಡ್ಡಿ ನಿಂತಿತು. ಅಲ್ಲಾಡುತ್ತಿದ್ದದ್ದು ಅದೇ ಹಲ್ಲು. ಬಾಗಿಲ ಬಳಿ ಸೊಸೆಯ ಕೈ ತನ್ನಷ್ಟಕ್ಕೆ ಸೊಂಟದಲ್ಲಿ ಸಿಕ್ಕಿಸಿದ್ದ ಸೀಮೆಸುಣ್ಣಕ್ಕೆ ಹೋಗಿತ್ತು.